ಕಸ್ಟಮ್ ಎಲೆಕ್ಟ್ರಿಕ್ ಗಿಟಾರ್ ಮಾಡಿಸುವ ಮುನ್ನ: ತಯಾರಕರನ್ನು ಹೋಲಿಸುವ ಸಮಗ್ರ ಮಾರ್ಗದರ್ಶಿ

ಕಾರ್ಖಾನೆಯಲ್ಲಿ ತಯಾರಾಗುವ ಗಿಟಾರ್‌ಗಳು ಇಂದು ತುಂಬ ಚೆನ್ನಾಗಿವೆ. ಮಧ್ಯಮ ದರ್ಜೆಯ ವಾದ್ಯದಲ್ಲೂ ಶ್ರುತಿ ನಿಲ್ಲುತ್ತದೆ, ನೆಕ್ (ತಂತಿಗಳ ಕೆಳಗಿನ ಉದ್ದನೆಯ ಹಿಡಿ) ನೇರವಾಗಿರುತ್ತದೆ, ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಪಿಕಪ್ ನಾದವನ್ನು ನಿಷ್ಠೆಯಿಂದ ಹಿಡಿಯುತ್ತದೆ. ಹೀಗಿರುವಾಗ ಅದರ ಹಲವು ಪಟ್ಟು ಹಣ ತೆತ್ತು, ತಿಂಗಳುಗಟ್ಟಲೆ, ಕೆಲವು ಕಡೆ ವರ್ಷಗಟ್ಟಲೆ ಕಾದು ಮಾಡಿಸಿಕೊಳ್ಳುವ ಗಿಟಾರ್‌ನಲ್ಲಿ ನಮಗೆ ಹೆಚ್ಚಿಗೆ ಸಿಗುವುದು ಒಬ್ಬ ಕುಶಲಕರ್ಮಿಯ ವಿವೇಚನೆ. ಯಾವ ಹಲಗೆಯನ್ನು ಪಕ್ಕಕ್ಕಿಡಬೇಕು, ನೆಕ್‌ನ ಅಂಚನ್ನು ಎಲ್ಲಿ ಇನ್ನಷ್ಟು ಉರುಟಾಗಿಸಬೇಕು, ಗ್ರಾಹಕ ಕೇಳಿದ್ದಕ್ಕೆ ಎಲ್ಲಿ ಬೇಡ ಎನ್ನಬೇಕು ಎಂಬ ತೀರ್ಮಾನಗಳು ಬಿಡಿಭಾಗಗಳ ಪಟ್ಟಿಯಲ್ಲಿ ಕಾಣಿಸುವುದಿಲ್ಲ. ಆದರೂ ಬಹುಪಾಲು ಹೋಲಿಕೆಗಳು ಅಂಥ ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟು ನೋಡುವುದರಲ್ಲೇ ಮುಗಿಯುತ್ತವೆ. ಈ ಮಾರ್ಗದರ್ಶಿ ಆ ಪಟ್ಟಿಯ ಆಚೆಗೆ ನೋಡುವುದು ಹೇಗೆಂದು ಹೇಳುತ್ತದೆ.

ಹಂತ 1: ನಿಮಗೆ ಪ್ರಿಯವಾದ ಗಿಟಾರ್ ಅನ್ನು ಅಳೆಯಿರಿ

ತಯಾರಕರ ಹೆಸರುಗಳನ್ನು ಹುಡುಕುವ ಮೊದಲು ಕೈಗೆ ಅತ್ಯಂತ ಹಿತವಾಗಿರುವ ಗಿಟಾರ್ ಒಂದನ್ನು ಎದುರಿಗಿಟ್ಟುಕೊಳ್ಳಿ. ಅದು ನಿಮ್ಮದೇ ಆಗಿರಬೇಕೆಂದಿಲ್ಲ, ಅಗ್ಗದ್ದಾಗಿದ್ದರೂ ನಡೆಯುತ್ತದೆ. ದಪ್ಪವನ್ನು ಸೂಕ್ಷ್ಮವಾಗಿ ಅಳೆಯುವ ಒಂದು ಡಿಜಿಟಲ್ ಕ್ಯಾಲಿಪರ್ ಇದ್ದರೆ ಸಾಕು. ತಂತಿಗಳನ್ನು ಸಡಿಲಿಸಿ ಪಕ್ಕಕ್ಕೆ ಸರಿಸಿ. ಮೊದಲ ಫ್ರೆಟ್ (ನೆಕ್‌ನ ಮೇಲಿನ ಅಡ್ಡ ಲೋಹದ ಪಟ್ಟಿ) ಮತ್ತು ಹನ್ನೆರಡನೆಯ ಫ್ರೆಟ್ ಇರುವಲ್ಲಿ ನೆಕ್‌ನ ದಪ್ಪ, ನೆಕ್‌ನ ತುದಿಯಲ್ಲಿ ತಂತಿಗಳು ಕೂರುವ ನಟ್‌ನ ಅಗಲ, ಬಾಡಿಯ ಮೇಲೆ ತಂತಿಗಳನ್ನು ಹೊರುವ ಬ್ರಿಡ್ಜ್‌ನಲ್ಲಿ ಮೊದಲ ತಂತಿಯಿಂದ ಆರನೆಯ ತಂತಿಯವರೆಗಿನ ಅಂತರ, ಒಟ್ಟು ತೂಕ, ಇವಿಷ್ಟನ್ನು ಬರೆದುಕೊಳ್ಳಿ. ದಪ್ಪವನ್ನು ಅಳೆಯುವಾಗ ಕ್ಯಾಲಿಪರ್ ಫ್ರೆಟ್‌ನ ಮೇಲಲ್ಲ, ಎರಡು ಫ್ರೆಟ್‌ಗಳ ನಡುವಿನ ಮರದ ಮೇಲೆ ಕೂರಬೇಕು. ಎಲ್ಲಿ ಅಳೆದಿರಿ ಎಂಬುದನ್ನೂ ಬರೆದಿಡಿ, ಏಕೆಂದರೆ ತಯಾರಕರು ಅದನ್ನೇ ಮೊದಲು ಕೇಳುತ್ತಾರೆ.

ಮೊದಲ ಫ್ರೆಟ್‌ನ ಬಳಿ ಹೆಚ್ಚಿನ ನೆಕ್‌ಗಳು 20 ರಿಂದ 24 ಮಿಲಿಮೀಟರ್ ದಪ್ಪ ಇರುತ್ತವೆ. ಕಾಗದದ ಮೇಲೆ ಇದು ಸಣ್ಣ ವ್ಯಾಪ್ತಿ. ಅಂಗೈಗೆ ಒಂದು ಮಿಲಿಮೀಟರ್ ವ್ಯತ್ಯಾಸವೂ ಸ್ಪಷ್ಟವಾಗಿ ಗೊತ್ತಾಗುತ್ತದೆ. ಅದಕ್ಕಿಂತ ಮುಖ್ಯವಾದ ಸಂಗತಿಯೆಂದರೆ, ದಪ್ಪ ಒಂದೇ ಇದ್ದರೂ ಎರಡು ನೆಕ್‌ಗಳು ಪೂರ್ತಿ ಬೇರೆಯಾಗಿ ಅನಿಸಬಹುದು. ಫಿಂಗರ್‌ಬೋರ್ಡ್‌ನ (ಫ್ರೆಟ್‌ಗಳು ಕೂತಿರುವ, ಬೆರಳಿಡುವ ಮೇಲ್ಹಲಗೆಯ) ಅಂಚಿನಿಂದ ಬೆನ್ನಿನವರೆಗೆ ಇಳಿಯುವ ಭುಜದ ತಿರುವು ತುಂಬಿಕೊಂಡಿದ್ದರೆ ನೆಕ್ ದಪ್ಪ ಎನಿಸುತ್ತದೆ, ಅದೇ ಭುಜವನ್ನು ತೆಗೆದಿದ್ದರೆ ತೆಳುವೆನಿಸುತ್ತದೆ. ಸಿ, ವಿ, ಯು ಎಂಬ ಅಕ್ಷರಗಳು ಈ ಆಕಾರಗಳಿಗೆ ಇಟ್ಟ ಹೆಸರುಗಳು. ಆದರೆ ಒಬ್ಬರ 'ಸಿ' ಇನ್ನೊಬ್ಬರ 'ಸಿ' ಅಲ್ಲ. ಬಡಗಿಗಳು ಬಳಸುವ, ಸಣ್ಣ ಕಡ್ಡಿಗಳ ಸಾಲಿರುವ ಆಕಾರಮಾಪಕವನ್ನು ನೆಕ್‌ನ ಬೆನ್ನಿಗೆ ಒತ್ತಿ, ಬಂದ ಆಕಾರವನ್ನು ಕಾಗದದ ಮೇಲೆ ಗೆರೆ ಎಳೆದು ಕಳುಹಿಸಿದರೆ ಅಕ್ಷರಗಳ ಗೊಂದಲವೇ ಇರುವುದಿಲ್ಲ.

ಸ್ಕೇಲ್ ಉದ್ದವನ್ನೂ, ಅಂದರೆ ನಟ್‌ನಿಂದ ಬ್ರಿಡ್ಜ್‌ವರೆಗೆ ತಂತಿ ಕಂಪಿಸುವ ಉದ್ದವನ್ನೂ, ಈಗಲೇ ನಿರ್ಧರಿಸಿ. ಅಮೆರಿಕದ ಫೆಂಡರ್ ಕಂಪನಿಯ ಪರಂಪರೆಯದು 25.5 ಇಂಚು, ಅಂದರೆ 648 ಮಿಲಿಮೀಟರ್. ಅಲ್ಲಿನದೇ ಗಿಬ್ಸನ್ ಕಂಪನಿಯ ಪರಂಪರೆಯದು ಸುಮಾರು 24.75 ಇಂಚು, 628 ಮಿಲಿಮೀಟರ್. ಇನ್ನೊಬ್ಬ ಅಮೆರಿಕನ್ ತಯಾರಕ ಪಾಲ್ ರೀಡ್ ಸ್ಮಿತ್ ಎರಡರ ನಡುವಿನ 25 ಇಂಚನ್ನು ಆರಿಸಿಕೊಂಡರು. ಅದೇ ತಂತಿ, ಅದೇ ಶ್ರುತಿ ಇದ್ದರೆ ತಂತಿಯ ಬಿಗಿತ ಉದ್ದದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಹಾಗಾಗಿ 628ರಿಂದ 648ಕ್ಕೆ ಹೋದರೆ ಬಿಗಿತ ಶೇಕಡ 6ಕ್ಕಿಂತ ತುಸು ಹೆಚ್ಚಾಗುತ್ತದೆ. ಸ್ವರವನ್ನು ಎಳೆದು ನುಡಿಸುವವರಿಗೆ ಬೆರಳಿನಲ್ಲೇ ಇದು ತಿಳಿಯುತ್ತದೆ. ಫಿಂಗರ್‌ಬೋರ್ಡ್‌ನ ಬಾಗು ಕೂಡ ಹಾಗೆಯೇ. ಹಳೆಯ ಫೆಂಡರ್‌ಗಳ 7.25 ಇಂಚು ತ್ರಿಜ್ಯದ ಬಾಗು ಕಾರ್ಡ್ ಹಿಡಿಯಲು ಸುಖ. ಆದರೆ ತಂತಿಗಳನ್ನು ಬಹಳ ತಗ್ಗಿಸಿ ಮೇಲಿನ ಫ್ರೆಟ್‌ಗಳಲ್ಲಿ ದೊಡ್ಡದಾಗಿ ಎಳೆದಾಗ ಸ್ವರ ಉಸಿರುಗಟ್ಟಿ ನಿಲ್ಲುತ್ತದೆ. ನಟ್‌ನ ಬಳಿ ಹೆಚ್ಚು, ಬಾಡಿಯ ಕಡೆಗೆ ಕಡಿಮೆ ಬಾಗಿರುವ ಸಂಯುಕ್ತ ಬಾಗು ಈ ಸಮಸ್ಯೆಗೆ ಕಂಡುಕೊಂಡ ಪರಿಹಾರ.

ಈ ಅಳತೆಗಳಿಲ್ಲದೆ ತಯಾರಕರ ಬಳಿ ಹೋದರೆ ನೀವು ಅವರ ಗಿಟಾರ್ ಕೊಳ್ಳುತ್ತೀರಿ. ಅಳತೆಗಳೊಂದಿಗೆ ಹೋದರೆ ನಿಮ್ಮದನ್ನು ಮಾಡಿಸುತ್ತೀರಿ.

ಹಂತ 2: ತಯಾರಕರನ್ನು ಬಗೆಬಗೆಯಾಗಿ ವಿಂಗಡಿಸಿ

ಮೇಲುದರ್ಜೆಯ ತಯಾರಕರೆಲ್ಲರೂ ಒಂದೇ ಬಗೆಯ ವ್ಯವಹಾರ ನಡೆಸುವುದಿಲ್ಲ. ಒಬ್ಬಂಟಿ ಕುಶಲಕರ್ಮಿಯನ್ನು ದೊಡ್ಡ ಕಂಪನಿಯ ವಿಭಾಗದೊಂದಿಗೆ ನೇರವಾಗಿ ತೂಗಿದರೆ ಇಬ್ಬರಿಗೂ ಅನ್ಯಾಯವಾಗುತ್ತದೆ.

ಮೊದಲ ಬಗೆ, ದೊಡ್ಡ ಕಂಪನಿಗಳ ಕಸ್ಟಮ್ ವಿಭಾಗಗಳು. ಫೆಂಡರ್ ಕಸ್ಟಮ್ ಶಾಪ್ 1987ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಆರಂಭವಾಯಿತು. ಇಂದು ಅದು ಕರೋನಾ ನಗರದಲ್ಲಿದೆ. ಅಲ್ಲಿ 'ಟೀಮ್ ಬಿಲ್ಟ್' ಮತ್ತು 'ಮಾಸ್ಟರ್‌ಬಿಲ್ಟ್' ಎಂಬ ಎರಡು ಮಟ್ಟಗಳಿವೆ. ಮೊದಲನೆಯದನ್ನು ತಂಡ ಮಾಡುತ್ತದೆ, ಎರಡನೆಯದರ ಹೊಣೆ ಒಬ್ಬ ಹೆಸರಾಂತ ಕುಶಲಕರ್ಮಿಯದು. ಫೆಂಡರ್ ಕಸ್ಟಮ್ ಎಂದಷ್ಟೇ ಹೇಳಿ ಹೋಲಿಕೆ ಮಾಡುವವರು ಈ ವ್ಯತ್ಯಾಸವನ್ನು ಮರೆಯುತ್ತಾರೆ. ಮಾಸ್ಟರ್‌ಬಿಲ್ಟ್ ಆದರೆ ಯಾವ ಕುಶಲಕರ್ಮಿ ಎಂಬುದನ್ನೂ ಕೇಳಬೇಕು, ಏಕೆಂದರೆ ಅವರೊಳಗೇ ಒಲವುಗಳು ಬೇರೆ. ಗಿಬ್ಸನ್ ಕಸ್ಟಮ್ ಇರುವುದು ಟೆನೆಸಿಯ ನ್ಯಾಶ್‌ವಿಲ್‌ನಲ್ಲಿ. 1950ರ ದಶಕದ ತನ್ನದೇ ವಾದ್ಯಗಳ ಮರುನಿರ್ಮಾಣ ಅದರ ಬಲ. ಟಾಮ್ ಮರ್ಫಿ ಅವರ ಹೆಸರಿನ ಮರ್ಫಿ ಲ್ಯಾಬ್ 2021ರಲ್ಲಿ ಬಂದಿತು. ಹಳೆಯದಾದ ಲ್ಯಾಕರ್‌ನ (ಮೆರುಗೆಣ್ಣೆಯ) ಬಿರುಕು, ಸವಕಳಿಗಳನ್ನು ಹೊಸ ಗಿಟಾರ್‌ನ ಮೇಲೆ ತರುವುದೇ ಅದರ ಕೆಲಸ. ಮೇರಿಲ್ಯಾಂಡ್‌ನ ಪಾಲ್ ರೀಡ್ ಸ್ಮಿತ್ ಕಂಪನಿ 1985ರಲ್ಲಿ ಆರಂಭವಾಯಿತು, ಅದರ 'ಪ್ರೈವೇಟ್ ಸ್ಟಾಕ್' ವಿಭಾಗ 1996ರಲ್ಲಿ. ಅಪರೂಪದ ಮರವನ್ನು ಆರಿಸಿ ಮಾಡಿಸಿಕೊಳ್ಳುವುದು ಇಲ್ಲಿನ ಆಕರ್ಷಣೆ.

ಎರಡನೆಯ ಬಗೆ, ಸಣ್ಣ ತಂಡದ ಕಾರ್ಯಾಗಾರಗಳು. ಕ್ಯಾಲಿಫೋರ್ನಿಯಾದ ಟಾಮ್ ಆಂಡರ್ಸನ್ 1984ರಿಂದ ಕೆಲಸ ಮಾಡುತ್ತಿದ್ದಾರೆ. ಜಾನ್ ಸುಹ್ರ್ ನ್ಯೂಯಾರ್ಕ್‌ನಲ್ಲಿ ಪೆನ್ಸಾ-ಸುಹ್ರ್ ಗಿಟಾರ್‌ಗಳನ್ನು ಮಾಡಿ, ಬಳಿಕ ಫೆಂಡರ್ ಕಸ್ಟಮ್ ಶಾಪ್‌ನಲ್ಲಿ ದುಡಿದು, 1997ರಲ್ಲಿ ಸ್ವಂತ ಸಂಸ್ಥೆ ಕಟ್ಟಿದರು. ಜೇಮ್ಸ್ ಟೈಲರ್, ಟೆಕ್ಸಸ್‌ನ ಆಸ್ಟಿನ್‌ನಲ್ಲಿರುವ ಕಾಲಿಂಗ್ಸ್, ಪೋಲೆಂಡಿನ ಮೇಯೋನೆಸ್ ಕೂಡ ಇದೇ ಗುಂಪಿಗೆ ಸೇರುತ್ತಾರೆ. ನನ್ನ ಮಟ್ಟಿಗೆ, ಮೊದಲ ಬಾರಿ ಮಾಡಿಸುವವರಿಗೆ ಅತ್ಯಂತ ಸುರಕ್ಷಿತ ಜಾಗ ಇದೇ. ಒಂದೇ ವಿನ್ಯಾಸವನ್ನು ಸಾವಿರಾರು ಬಾರಿ ಮಾಡಿ ಪಳಗಿದ ಕೈಗಳಿರುತ್ತವೆ, ಆಯ್ಕೆಗಳಿಗೂ ಸಾಕಷ್ಟು ಅವಕಾಶ ಇರುತ್ತದೆ.

ಮೂರನೆಯ ಬಗೆ, ಒಬ್ಬರು ಅಥವಾ ಬೆರಳೆಣಿಕೆಯ ಜನ ಮಾಡುವ ಗಿಟಾರ್‌ಗಳು. ಜರ್ಮನಿಯ ರೋಡ್‌ಗೌ ಊರಿನ ನಿಕ್ ಹೂಬರ್, 1995ರಲ್ಲಿ ಫಿನ್‌ಲ್ಯಾಂಡಿನಲ್ಲಿ ಆರಂಭಿಸಿದ ಯೂಹಾ ರೂಕಾಂಗಾಸ್, ಜರ್ಮನಿಯ ಉಲ್ರಿಷ್ ಟಾಯ್‌ಫೆಲ್ ಇಂಥವರು. ಇಲ್ಲಿ ನೀವು ಮಾತನಾಡುವ ವ್ಯಕ್ತಿಯೇ ಉಳಿ ಹಿಡಿಯುವ ವ್ಯಕ್ತಿ. ಅದು ದೊಡ್ಡ ಸುಖ. ಆದರೆ ಆ ವ್ಯಕ್ತಿ ಕಾಯಿಲೆ ಬಿದ್ದರೆ ನಿಮ್ಮ ಗಿಟಾರ್ ಕೂಡ ಕಾಯುತ್ತದೆ ಎಂಬುದನ್ನು ಒಪ್ಪಿಕೊಂಡೇ ಮುಂದುವರಿಯಬೇಕು.

ಹಂತ 3: ಎಲ್ಲಿ 'ಆಗುವುದಿಲ್ಲ' ಎನ್ನುತ್ತಾರೆ ಎಂದು ತಿಳಿಯಿರಿ

ಏನು ಬೇಕಾದರೂ ಮಾಡಿಕೊಡುತ್ತೇವೆ ಎನ್ನುವ ತಯಾರಕರ ಬಗ್ಗೆ ನನಗೆ ಅನುಮಾನವೇ ಹೆಚ್ಚು. ಒಳ್ಳೆಯವರ ಗಿಟಾರ್‌ನಲ್ಲಿ ಅವರು ಬಿಟ್ಟುಕೊಡದ ಒಂದೆರಡು ಸಂಗತಿಗಳು ಇದ್ದೇ ಇರುತ್ತವೆ, ಅವರ ದಶಕಗಳ ಯೋಚನೆ ಅಲ್ಲಿ ಅಡಗಿರುತ್ತದೆ. ಆಂಡರ್ಸನ್ ಗಿಟಾರ್‌ಗಳ ನೆಕ್ ಜೋಡಣೆ ನೋಡಿ. ನೆಕ್‌ನ ಬುಡ ಬೆಣೆಯ ಆಕಾರದಲ್ಲಿದ್ದು ಬಾಡಿಯ ಗುಳಿಯಲ್ಲಿ ಬಿಗಿಯಾಗಿ ಕೂರುತ್ತದೆ. ಪಕ್ಕಕ್ಕೆ ಅಲುಗಾಡಲು ಜಾಗವೇ ಇಲ್ಲದಿರುವುದರಿಂದ ರೂಢಿಯ ನಾಲ್ಕು ತಿರುಪುಗಳ ಬದಲು ಎರಡು ಬೋಲ್ಟ್‌ಗಳು ಸಾಕು. ರೂಕಾಂಗಾಸ್ ಶಾಖದಿಂದ ಹದಗೊಳಿಸಿದ ಮರಗಳನ್ನು ತಮ್ಮ ಗುರುತಾಗಿಸಿಕೊಂಡಿದ್ದಾರೆ. ಟಾಯ್‌ಫೆಲ್ 1995ರಲ್ಲಿ ರೂಪಿಸಿದ 'ಬರ್ಡ್‌ಫಿಶ್'ನಲ್ಲಿ ಮಾಮೂಲಿ ಬಾಡಿಯೇ ಇಲ್ಲ. ಲೋಹದ ಭಾಗಗಳ ನಡುವೆ ಬದಲಾಯಿಸಬಹುದಾದ ಎರಡು ಮರದ ಕೊಳವೆಯಾಕಾರದ ತುಂಡುಗಳಿವೆ. ಸ್ವೀಡನ್‌ನ ಓಲಾ ಸ್ಟ್ರಾಂಡ್‌ಬರಿ ನೆಕ್‌ನ ಬೆನ್ನನ್ನು ಉರುಟಾಗಿಸದೆ ಚಪ್ಪಟೆ ಮುಖಗಳಿರುವಂತೆ ಕೆತ್ತಿದರು.

ಆದ್ದರಿಂದ ಪ್ರತಿಯೊಬ್ಬರಿಗೂ ಈ ಒಂದು ಪ್ರಶ್ನೆ ಕಳುಹಿಸಿ: ನಿಮ್ಮ ಗಿಟಾರ್‌ನಲ್ಲಿ ಗ್ರಾಹಕ ಕೇಳಿದರೂ ನೀವು ಬದಲಾಯಿಸದೇ ಇರುವುದು ಯಾವುದು, ಏಕೆ? ಬರುವ ಉತ್ತರದಲ್ಲಿ 'ಏಕೆ' ಎಂಬುದರ ಭಾಗ ಎಷ್ಟು ಗಟ್ಟಿಯಾಗಿದೆ ನೋಡಿ. ಬೇರೊಬ್ಬರ ಸಹಿಯಂತಿರುವ ಹೆಡ್‌ಸ್ಟಾಕ್ (ನೆಕ್‌ನ ತುದಿಯಲ್ಲಿ ಶ್ರುತಿ ಬಿರಡೆಗಳಿರುವ ಭಾಗ) ಆಕಾರವನ್ನು ನಕಲು ಮಾಡಲು ಒಪ್ಪದಿರುವುದು, ನಿಮ್ಮ ತಂತಿಗಳಿಗೆ ಹೊಂದದ ಬ್ರಿಡ್ಜ್ ಬೇಡವೆನ್ನುವುದು ಒಳ್ಳೆಯ ಲಕ್ಷಣ. ಆ ಗಿಟಾರ್ ನಿಮಗೆ ಬೇಕೇ ಎಂಬುದು ಆ ಬದಲಾಗದ ಸಂಗತಿ ನಿಮಗೆ ಹಿಡಿಸುತ್ತದೆಯೇ ಎಂಬುದರ ಮೇಲೆ ನಿಂತಿದೆ. ಅದು ಹಿಡಿಸದಿದ್ದರೆ ಆ ತಯಾರಕರನ್ನು ಪಟ್ಟಿಯಿಂದ ತೆಗೆಯಿರಿ. ಎಷ್ಟೇ ದೊಡ್ಡ ಹೆಸರಾದರೂ ಸರಿ.

ಹಂತ 4: ಮರದ ಮಾತನ್ನು ಸೋಸಿ ಕೇಳಿ

ಘನ ಬಾಡಿಯ ಎಲೆಕ್ಟ್ರಿಕ್ ಗಿಟಾರ್‌ನಲ್ಲಿ ಬಾಡಿಯ ಮರ ನಾದವನ್ನು ಎಷ್ಟು ಬದಲಿಸುತ್ತದೆ ಎಂಬ ವಾದ ಇನ್ನೂ ಮುಗಿದಿಲ್ಲ. ಪಿಕಪ್‌ನ ಬಗೆ, ಅದು ತಂತಿಯ ಉದ್ದದಲ್ಲಿ ಕೂತಿರುವ ಜಾಗ, ತಂತಿಗೆ ಅದರ ದೂರ, ಸ್ಕೇಲ್ ಉದ್ದ ಇವುಗಳ ಪ್ರಭಾವದ ಬಗ್ಗೆ ಮಾತ್ರ ಯಾರಿಗೂ ಸಂಶಯವಿಲ್ಲ. ಹಾಗಾಗಿ ಮರದ ಹೆಸರಿಗಿಂತ ಆ ಹಲಗೆಯ ಸ್ಥಿತಿಯ ಬಗ್ಗೆ ಕೇಳಿ. ಎಷ್ಟು ಒಣಗಿದೆ? ವಾದ್ಯಕ್ಕೆ ಬಳಸುವ ಮರದ ತೇವಾಂಶ ಸಾಮಾನ್ಯವಾಗಿ ಶೇಕಡ 6ರಿಂದ 8ರ ಆಸುಪಾಸಿನಲ್ಲಿರಬೇಕು. ಒರಟಾಗಿ ಕತ್ತರಿಸಿದ ನೆಕ್ ಅನ್ನು ಎಷ್ಟು ಕಾಲ ಬಿಟ್ಟು ಮತ್ತೆ ಕೈಗೆತ್ತಿಕೊಳ್ಳುತ್ತಾರೆ? ಮರದೊಳಗಿನ ಒತ್ತಡ ಕತ್ತರಿಸಿದಾಗ ಹೊರಬಂದು ಅದು ಸ್ವಲ್ಪ ತಿರುಚಿಕೊಳ್ಳುತ್ತದೆ. ತಾಳ್ಮೆಯಿರುವವರು ಅದು ತಿರುಚಿಕೊಂಡು ನಿಲ್ಲುವವರೆಗೆ ಕಾದು, ಆಮೇಲೆ ನೇರ ಮಾಡುತ್ತಾರೆ. ಅವಸರದವರು ಮಾಡಿದ್ದರಲ್ಲಿ ಆ ತಿರುಚು ನಿಮ್ಮ ಮನೆಗೆ ಬಂದ ಮೇಲೆ ಕಾಣಿಸುತ್ತದೆ.

ಹುರಿದ ಮೇಪಲ್ ಮರ ಇಂದು ಬಹಳ ಜನಪ್ರಿಯ. ಆಮ್ಲಜನಕ ಕಡಿಮೆ ಇರುವ ಒಲೆಯಲ್ಲಿ ಹೆಚ್ಚಿನ ಶಾಖ ಕೊಟ್ಟಾಗ ಮರ ಕಂದುಬಣ್ಣಕ್ಕೆ ತಿರುಗುತ್ತದೆ, ಗಾಳಿಯ ತೇವವನ್ನು ಹೀರುವ ಗುಣ ತಗ್ಗುತ್ತದೆ. ನೆಕ್ ಋತುವಿನೊಂದಿಗೆ ಅಲುಗಾಡುವುದು ಕಡಿಮೆಯಾಗುತ್ತದೆ, ಇದು ನಿಜವಾದ ಲಾಭ. ಜೊತೆಗೆ ಮರ ತುಸು ಪೆಡಸಾಗುತ್ತದೆ. ತಿರುಪು ಹಾಕುವ ಮುನ್ನ ಸರಿಯಾದ ತೂತು ಕೊರೆಯದಿದ್ದರೆ ಸೀಳಬಹುದು.

ಬ್ರೆಜಿಲಿಯನ್ ರೋಸ್‌ವುಡ್ ಫಿಂಗರ್‌ಬೋರ್ಡ್ ಬೇಕೆನ್ನುವವರು ಒಂದು ವಿಷಯ ಗಮನಿಸಿ. ಅಳಿವಿನಂಚಿನ ಜೀವಿಗಳ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಒಪ್ಪಂದದ ಮೊದಲ ಅನುಬಂಧದಲ್ಲಿ ಆ ಮರ 1992ರಿಂದ ಇದೆ. ಅನುಮತಿ ಪತ್ರಗಳಿಲ್ಲದೆ ಅದನ್ನು ಗಡಿ ದಾಟಿಸುವಂತಿಲ್ಲ. ಅದೇ ಕುಲದ ಉಳಿದ ಮರಗಳು, ಬೀಟೆಯೂ ಸೇರಿದಂತೆ, 2017ರ ಜನವರಿಯಿಂದ ಎರಡನೆಯ ಅನುಬಂಧದಲ್ಲಿವೆ. ಆದರೆ 2019ರ ನವೆಂಬರ್‌ನಿಂದ ಪೂರ್ಣಗೊಂಡ ಸಂಗೀತ ವಾದ್ಯಗಳಿಗೆ ವಿನಾಯಿತಿ ದೊರೆಯಿತು. ಬ್ರೆಜಿಲಿಯನ್ ಮರಕ್ಕೆ ಆ ವಿನಾಯಿತಿ ಇಲ್ಲ. ಗಿಟಾರ್‌ನೊಂದಿಗೆ ದೇಶ ಸುತ್ತುವವರಾದರೆ ಅದರ ಆಸೆ ಬಿಡುವುದೇ ಲೇಸು.

ಅಲೆಯಲೆಯಾದ ಮೇಪಲ್ ಮೇಲ್ಪದರ ಕಣ್ಣಿಗೆ ಹಬ್ಬ. ಅದಕ್ಕೆ ಹಣ ಕೊಡುವುದರಲ್ಲಿ ತಪ್ಪೇನಿಲ್ಲ, ಕಣ್ಣಿಗಾಗಿ ಕೊಡುತ್ತಿದ್ದೇವೆ ಎಂದು ತಿಳಿದು ಕೊಡಿ.

ಹಂತ 5: ಫ್ರೆಟ್ ಮತ್ತು ನಟ್ ಅನ್ನು ಬರಿಗಣ್ಣಿಗಿಂತ ಹತ್ತಿರದಿಂದ ನೋಡಿ

ಇಡೀ ಹೋಲಿಕೆಯಲ್ಲಿ ಅರ್ಧಕ್ಕೂ ಹೆಚ್ಚು ತೂಕವನ್ನು ನಾನು ಈ ಹಂತಕ್ಕೇ ಕೊಡುತ್ತೇನೆ. ಕೈಕೆಲಸ ಎಷ್ಟು ಸೂಕ್ಷ್ಮವಾಗಿದೆ ಎಂಬುದು ಬಣ್ಣದಲ್ಲಿ ಮರೆಯಾಗಬಹುದು, ಫ್ರೆಟ್‌ನಲ್ಲಿ ಮರೆಯಾಗುವುದಿಲ್ಲ. ತಯಾರಕರ ಒಂದಾದರೂ ಗಿಟಾರ್ ಕೈಗೆ ಸಿಗುವಂತೆ ಮಾಡಿಕೊಳ್ಳಿ. ಸಿಕ್ಕಾಗ ಒಂದು ಭೂತಗನ್ನಡಿ ಜೊತೆಗಿರಲಿ.

ಮೊದಲು ನೆಕ್‌ನ ಅಂಚಿನಲ್ಲಿ ಅಂಗೈಯನ್ನು ನಟ್‌ನಿಂದ ಬಾಡಿಯವರೆಗೆ ನಿಧಾನವಾಗಿ ಜಾರಿಸಿ. ಏನೂ ಚುಚ್ಚಬಾರದು. ಆಮೇಲೆ ಒಂದು ಫ್ರೆಟ್‌ನ ತುದಿಯನ್ನು ಭೂತಗನ್ನಡಿಯಲ್ಲಿ ನೋಡಿ. ಸಾಧಾರಣ ಕೆಲಸದಲ್ಲಿ ತುದಿಯನ್ನು ಓರೆಯಾಗಿ ಅರದಿಂದ ಒಂದೇ ಸಲ ಉಜ್ಜಿರುತ್ತಾರೆ, ಎಲ್ಲ ಫ್ರೆಟ್‌ಗಳೂ ಒಂದೇ ಸಾಲಿನಲ್ಲಿ ಕತ್ತರಿಸಿದಂತೆ ಕಾಣುತ್ತವೆ. ಉತ್ತಮ ಕೆಲಸದಲ್ಲಿ ಪ್ರತಿ ತುದಿಯನ್ನೂ ಬೇರೆಬೇರೆಯಾಗಿ ಅರ್ಧಗೋಳದಂತೆ ದುಂಡಗಾಗಿಸಿರುತ್ತಾರೆ, ಎರಡು ಬದಿಯ ತುದಿಗಳೂ ಒಂದನ್ನೊಂದು ಹೋಲುತ್ತವೆ. ಫ್ರೆಟ್‌ನ ಅಡಿ ಮರಕ್ಕೆ ಪೂರ್ತಿ ಅಂಟಿದೆಯೇ, ಅಥವಾ ಕೂದಲೆಳೆಯಷ್ಟು ಬೆಳಕು ಕಾಣುತ್ತದೆಯೇ ಗಮನಿಸಿ. ಬೆಳಕು ಕಂಡರೆ ಆ ಫ್ರೆಟ್ ಗಟ್ಟಿಯಾಗಿ ಕೂತಿಲ್ಲ. ಮುಂದೆ ತಂತಿಯನ್ನು ಒಂದು ಫ್ರೆಟ್‌ನ ಮೇಲೆ ಅದುಮಿ ನಿಧಾನವಾಗಿ ಪಕ್ಕಕ್ಕೆ ಎಳೆಯಿರಿ. ಮರಳಿನ ಮೇಲೆ ಎಳೆದಂತಹ ಸಣ್ಣ ಗರಗರ ಬೆರಳಿಗೆ ತಾಗಿದರೆ ಹೊಳಪು ಕೊಡುವ ಕೊನೆಯ ಹಂತವನ್ನು ಯಾರೋ ಬಿಟ್ಟಿದ್ದಾರೆ.

ನಟ್‌ಗೆ ಬನ್ನಿ. ಒಂದು ತಂತಿಯನ್ನು ಎರಡನೆಯ ಮತ್ತು ಮೂರನೆಯ ಫ್ರೆಟ್‌ಗಳ ನಡುವೆ ಒತ್ತಿ ಹಿಡಿದು, ಮೊದಲ ಫ್ರೆಟ್‌ಗೂ ತಂತಿಗೂ ಇರುವ ಸಂದು ನೋಡಿ. ಕಾಗದ ತೂರದಷ್ಟು ಕಿರಿದಾದ ಸಂದು ಇರಬೇಕು, ಆದರೆ ಇರಲೇಬೇಕು. ಪೂರ್ತಿ ತಾಗಿದ್ದರೆ ನಟ್‌ನಲ್ಲಿ ತಂತಿ ಕೂರುವ ತೋಡು ಬಹಳ ಆಳವಾಗಿದೆ, ಖಾಲಿ ತಂತಿ ಗುಂಯ್‌ಗುಡುತ್ತದೆ. ಸಂದು ದೊಡ್ಡದಾಗಿದ್ದರೆ ಮೊದಲ ಫ್ರೆಟ್‌ನಲ್ಲಿ ಹಿಡಿದ ಕಾರ್ಡ್ ಅಪಶ್ರುತಿಯಾಗುತ್ತದೆ. ಇಂಥ ಒಂದು ತೋಡನ್ನು ಕೊರೆಯುವಾಗ ಅರದ ಎರಡು ಉಜ್ಜು ಹೆಚ್ಚಾದರೂ ಸಾಕು, ನಟ್ ಹೊಸದು ಬೇಕಾಗುತ್ತದೆ. ಆರು ತೋಡುಗಳಲ್ಲೂ ಒಂದೇ ಹದ ಕಂಡರೆ ಆ ಕಾರ್ಯಾಗಾರವನ್ನು ನಂಬಬಹುದು.

ಬರ್ಲಿನ್‌ನಲ್ಲಿ ಹುಟ್ಟಿದ ಪ್ಲೆಕ್ ಯಂತ್ರ ತಂತಿ ಬಿಗಿದಿರುವಾಗಲೇ ಪ್ರತಿ ಫ್ರೆಟ್‌ನ ಎತ್ತರವನ್ನು ಅಳೆದು, ಆಮೇಲೆ ಅಗತ್ಯವಿರುವಷ್ಟೇ ಉಜ್ಜುತ್ತದೆ. ಸುಹ್ರ್ ಸೇರಿದಂತೆ ಹಲವರು ಅದನ್ನು ಬಳಸುತ್ತಾರೆ. ಯಂತ್ರ ಬಳಸಿದರೆ ಕೈಕೆಲಸವಲ್ಲ ಎಂದು ಮೂಗು ಮುರಿಯುವುದು ಸರಿಯಲ್ಲ. ಆ ಯಂತ್ರಕ್ಕೆ ಒಪ್ಪಿಸುವ ಮುನ್ನ ಫ್ರೆಟ್ ಅನ್ನು ಎಷ್ಟು ಚೆನ್ನಾಗಿ ಕೂರಿಸಿದ್ದಾರೆ ಎಂಬುದೇ ಪ್ರಶ್ನೆ.

ಫ್ರೆಟ್‌ನ ಲೋಹವೂ ಹೋಲಿಕೆಯ ವಿಷಯ. ರೂಢಿಯ ನಿಕಲ್ ಸಿಲ್ವರ್ ಮೆದು, ವರ್ಷಗಳ ಬಳಕೆಯಲ್ಲಿ ಸವೆಯುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಬಹುಕಾಲ ಬಾಳುತ್ತದೆ, ತಂತಿ ಅದರ ಮೇಲೆ ನುಣುಪಾಗಿ ಜಾರುತ್ತದೆ, ಕೆಲಸಗಾರನ ಉಪಕರಣಗಳನ್ನು ಮಾತ್ರ ಬೇಗ ಸವೆಸುತ್ತದೆ. ಚಿನ್ನದ ಬಣ್ಣದ ಇವೋ ಮಿಶ್ರಲೋಹ ಗಡಸುತನದಲ್ಲಿ ಇವೆರಡರ ನಡುವೆ. ಲ್ಯಾಕರ್ ಹಚ್ಚಿದ ಮೇಪಲ್ ಫಿಂಗರ್‌ಬೋರ್ಡ್ ಆರಿಸುವವರು ಸ್ಟೇನ್‌ಲೆಸ್ ಕಡೆಗೆ ವಾಲುವುದು ಒಳ್ಳೆಯದು. ಅಂಥ ಬೋರ್ಡ್‌ನಲ್ಲಿ ಫ್ರೆಟ್ ಬದಲಿಸುವುದೆಂದರೆ ಲ್ಯಾಕರ್ ಅನ್ನೂ ಮತ್ತೆ ಮಾಡಿಸುವುದು.

ನೆಕ್‌ನೊಳಗೆ ಕೂತು ಅದರ ಬಾಗನ್ನು ಸರಿಪಡಿಸುವ ಲೋಹದ ಸರಳು, ಅಂದರೆ ಟ್ರಸ್ ರಾಡ್ ಅನ್ನು ಎಲ್ಲಿಂದ ತಿರುಗಿಸಬೇಕು ಎಂದೂ ಕೇಳಿ. ಹಳೆಯ ಶೈಲಿಯ ಕೆಲವು ಗಿಟಾರ್‌ಗಳಲ್ಲಿ ಅದಕ್ಕಾಗಿ ನೆಕ್ ಅನ್ನೇ ಬಿಚ್ಚಬೇಕು.

ಹಂತ 6: ಪಿಕಪ್ ಮತ್ತು ಬಣ್ಣ

ಪಿಕಪ್ ಬಗ್ಗೆ ಜನ ಗಂಟೆಗಟ್ಟಲೆ ಮಾತನಾಡುತ್ತಾರೆ. ತಯಾರಕರ ಆಯ್ಕೆಯನ್ನು ನಿರ್ಧರಿಸಲು ಅದು ಸರಿಯಾದ ವಿಷಯವಲ್ಲ, ಏಕೆಂದರೆ ನಾಳೆ ಬದಲಾಯಿಸಬಹುದು. ಪಿಕಪ್‌ಗಾಗಿ ಕೊರೆದ ಗುಳಿಯನ್ನು ಬದಲಾಯಿಸಲಾಗದು, ಅದನ್ನು ಮೊದಲೇ ಯೋಚಿಸಿ. ಪ್ರತಿರೋಧದ ಅಂಕಿ ದೊಡ್ಡದಿದ್ದರೆ ಪಿಕಪ್ ಜೋರಾಗಿರುತ್ತದೆ ಎಂಬ ನಂಬಿಕೆಯನ್ನು ಬಿಡಿ. ಪಿಕಪ್‌ನ ಸುರುಳಿಯಲ್ಲಿರುವ ತಂತಿಯ ದಪ್ಪ, ಸುತ್ತುಗಳ ಸಂಖ್ಯೆ, ಅಯಸ್ಕಾಂತದ ಬಗೆ ಎಲ್ಲವೂ ಸೇರಿ ಅದು ತೀರ್ಮಾನವಾಗುತ್ತದೆ. ಒಂದೇ ಸುರುಳಿಯ ಪಿಕಪ್ ಆದ ಸಿಂಗಲ್ ಕಾಯಿಲ್‌ನ ಝೇಂಕಾರ ಸಹಿಸದವರು ಆಯಾ ತಯಾರಕರಲ್ಲಿ ಅದಕ್ಕೆ ಯಾವ ಪರಿಹಾರವಿದೆ ಎಂದು ಕೇಳಬೇಕು. ಸುಹ್ರ್ ಗಿಟಾರ್‌ಗಳಲ್ಲಿ ಸಿಂಗಲ್ ಕಾಯಿಲ್‌ಗಳನ್ನು ಹಾಗೆಯೇ ಉಳಿಸಿಕೊಂಡು ಗದ್ದಲವನ್ನು ರದ್ದುಗೊಳಿಸುವ ಪ್ರತ್ಯೇಕ ವ್ಯವಸ್ಥೆಯಿದೆ.

ಬಣ್ಣದ ಮಾತು ಹೀಗೆ. ನೈಟ್ರೋಸೆಲ್ಯುಲೋಸ್ ಲ್ಯಾಕರ್ ತೆಳು, ಸುಂದರವಾಗಿ ಹಳೆಯದಾಗುತ್ತದೆ. ಹೊಸ ಪದರ ಹಳೆಯದರಲ್ಲಿ ಕರಗಿ ಬೆರೆಯುವುದರಿಂದ ಗಾಯವಾದರೆ ಸರಿಪಡಿಸುವುದು ಸುಲಭ. ತಾಪಮಾನ ತಟಕ್ಕನೆ ಬದಲಾದರೆ ಮಾತ್ರ ಬಿರುಕು ಬಿಡುತ್ತದೆ, ಕೆಲವು ಸ್ಟ್ಯಾಂಡ್‌ಗಳ ರಬ್ಬರ್‌ಗೆ ತಾಗಿದರೆ ಕರಗಿ ಕಲೆಯಾಗುತ್ತದೆ. ಪಾಲಿಯುರೆಥೇನ್, ಪಾಲಿಯೆಸ್ಟರ್ ಗಟ್ಟಿ ಮತ್ತು ನಿಶ್ಚಿಂತೆ. ನೈಟ್ರೋ ಇದ್ದರಷ್ಟೇ ನಾದ ಎನ್ನುವವರ ಮಾತಿಗೆ ಹೆದರಬೇಡಿ, ಪದರ ತೆಳುವಾಗಿದೆಯೇ ಎಂದು ಕೇಳಿ. 1995ರಲ್ಲಿ ಫೆಂಡರ್ ಕಸ್ಟಮ್ ಶಾಪ್ ಪರಿಚಯಿಸಿದ ಸವೆದಂತೆ ಕಾಣುವ 'ರೆಲಿಕ್' ಫಿನಿಷ್ ಬೇಕೇ ಎಂಬುದು ರುಚಿಯ ವಿಷಯ. ಅದರ ಒಂದು ಗುಣ ನನಗೆ ಇಷ್ಟ: ನೆಕ್‌ನ ಹಿಂಭಾಗದ ಲ್ಯಾಕರ್ ಸವೆದಿರುವುದರಿಂದ ಮೊದಲ ದಿನವೇ ಕೈಗೆ ಒಗ್ಗುತ್ತದೆ.

ಹಂತ 7: ಅಂತಿಮ ಮೂವರನ್ನು ಒಂದೇ ಪತ್ರದಿಂದ ಪರೀಕ್ಷಿಸಿ

ಇಷ್ಟಾದ ಮೇಲೆ ಪಟ್ಟಿ ಮೂರಕ್ಕೆ ಇಳಿದಿರಬೇಕು. ಸಿಂಗಲ್ ಕಾಯಿಲ್, 648 ಮಿಲಿಮೀಟರ್, ಬೋಲ್ಟ್ ನೆಕ್ ಬೇಕಾದವರಿಗೆ ಫೆಂಡರ್ ಮಾಸ್ಟರ್‌ಬಿಲ್ಟ್, ಸುಹ್ರ್, ಆಂಡರ್ಸನ್ ಸಹಜ ಎದುರಾಳಿಗಳು. ಮೊದಲನೆಯದು ಹಳೆಯದರ ಆತ್ಮಕ್ಕೆ ನಿಷ್ಠ, ಉಳಿದೆರಡು ಅದೇ ಆತ್ಮವನ್ನು ಇಟ್ಟುಕೊಂಡು ಸವಲತ್ತುಗಳನ್ನು ತಿದ್ದುತ್ತವೆ. ಅಂಟಿಸಿದ ನೆಕ್ ಮತ್ತು ಹಂಬಕರ್ (ಎರಡು ಸುರುಳಿಯ ಪಿಕಪ್) ಬೇಕಾದವರು ಗಿಬ್ಸನ್ ಕಸ್ಟಮ್, ಕಾಲಿಂಗ್ಸ್, ನಿಕ್ ಹೂಬರ್ ಅವರನ್ನು ಪಕ್ಕಪಕ್ಕ ಇಡಬಹುದು. ಇಲ್ಲಿ ಹೆಡ್‌ಸ್ಟಾಕ್ ಎಷ್ಟು ಹಿಂದಕ್ಕೆ ವಾಲಿದೆ ಎಂದು ಕೇಳಲು ಮರೆಯಬೇಡಿ. ಹಳೆಯ ಗಿಬ್ಸನ್ ವಿನ್ಯಾಸದ 17 ಡಿಗ್ರಿ ವಾಲುವಿಕೆ, ಒಂದೇ ತುಂಡು ಮಹಾಗನಿ ನೆಕ್, ಅದರಲ್ಲಿ ಟ್ರಸ್ ರಾಡ್‌ಗಾಗಿ ಕೊರೆದ ಗುಳಿ ಇವೆಲ್ಲ ಸೇರುವ ಜಾಗವೇ ಗಿಟಾರ್ ಬಿದ್ದಾಗ ಮುರಿಯುವ ಜಾಗ.

ಮೂವರಿಗೂ ಒಂದೇ ಪತ್ರ ಕಳುಹಿಸಿ. ನೀವು ನುಡಿಸುವ ಸಂಗೀತ, ತಂತಿಯ ದಪ್ಪ, ಶ್ರುತಿ, ನಿಂತು ನುಡಿಸುತ್ತೀರೋ ಕೂತೋ, ಮೊದಲ ಹಂತದ ಅಳತೆಗಳು, ಈಗಿನ ಗಿಟಾರ್‌ನಲ್ಲಿ ಸರಿಯೆನಿಸದ ಒಂದು ಸಂಗತಿ, ಇಷ್ಟಿರಲಿ. ಬೇಕಂತಲೇ ಒಂದು ವಿರೋಧಾಭಾಸವನ್ನೂ ಸೇರಿಸಿ. ಉದಾಹರಣೆಗೆ 7.25 ಇಂಚಿನ ಬಾಗು ಮತ್ತು ಅತಿ ತಗ್ಗಿನ ತಂತಿಗಳು ಎರಡೂ ಬೇಕು ಎನ್ನಿ. ಒಬ್ಬರು ಬರೇ ಬೆಲೆ ಮತ್ತು ಕಾಯುವ ಅವಧಿ ಬರೆಯುತ್ತಾರೆ. ಇನ್ನೊಬ್ಬರು ಎಲ್ಲಕ್ಕೂ ಹೂಂ ಎನ್ನುತ್ತಾರೆ. ನಿಮಗೆ ಬೇಕಾದವರು, ಇವೆರಡೂ ಒಟ್ಟಿಗೆ ಹೊಂದುವುದಿಲ್ಲ, ನೀವು ಎತ್ತರದ ಫ್ರೆಟ್‌ಗಳಲ್ಲಿ ಎಷ್ಟು ಎಳೆಯುತ್ತೀರಿ ಎಂದು ತಿರುಗಿ ಕೇಳುವವರು.

ಕೇಳಿ ನೋಡಲು ವಿಡಿಯೊಗಳನ್ನೇ ನೆಚ್ಚಬೇಡಿ, ಆಂಪ್ಲಿಫೈಯರ್ ಮತ್ತು ಮೈಕ್ ಎಲ್ಲವನ್ನೂ ಬದಲಿಸುತ್ತವೆ. ಆ ತಯಾರಕರ ಐದಾರು ವರ್ಷ ಹಳೆಯ ಗಿಟಾರ್ ಇಟ್ಟುಕೊಂಡಿರುವವರನ್ನು ಹುಡುಕಿ, ನೆಕ್ ಸರಿಪಡಿಸಲು ಟ್ರಸ್ ರಾಡ್ ಅನ್ನು ಎಷ್ಟು ಬಾರಿ ತಿರುಗಿಸಬೇಕಾಯಿತು, ದೂರು ಹೇಳಿದಾಗ ಹೇಗೆ ನಡೆದುಕೊಂಡರು ಎಂದು ಕೇಳಿ. ಮಾರುವ ಯೋಚನೆ ಈಗ ಇಲ್ಲದಿದ್ದರೂ ಇಷ್ಟು ತಿಳಿದಿರಲಿ: ದೊಡ್ಡ ಹೆಸರಿನ, ರೂಢಿಯ ವಿನ್ಯಾಸದ ಗಿಟಾರ್‌ಗೆ ಮರುಮಾರಾಟದಲ್ಲಿ ಕೊಳ್ಳುವವರು ಸುಲಭವಾಗಿ ಸಿಗುತ್ತಾರೆ. ನಿಮ್ಮ ಹೆಸರು ಕೆತ್ತಿಸಿದ, ವಿಚಿತ್ರ ಬಣ್ಣದ ಗಿಟಾರ್‌ಗೆ ಸಿಗುವುದಿಲ್ಲ.

ಹಂತ 8: ಬರವಣಿಗೆಯಲ್ಲಿ ಒಪ್ಪಂದ

ಮುಂಗಡ ಹಣ ಯಾವ ಹಂತದವರೆಗೆ ವಾಪಸ್ ಬರುತ್ತದೆ, ಮರ ಕತ್ತರಿಸಿದ ಮೇಲೆ ಬದಲಾವಣೆಗೆ ಅವಕಾಶ ಇದೆಯೇ, ಸಾಗಣೆಯಲ್ಲಿ ಹಾನಿಯಾದರೆ ಹೊಣೆ ಯಾರದು, ಖಾತರಿ ಮುಂದಿನ ಮಾಲೀಕರಿಗೂ ಸಲ್ಲುತ್ತದೆಯೇ, ಇವು ಬರವಣಿಗೆಯಲ್ಲಿರಲಿ. ಅಳತೆಗಳ ಪಕ್ಕದಲ್ಲಿ ಎಷ್ಟು ವ್ಯತ್ಯಾಸವನ್ನು ಎರಡೂ ಕಡೆಯವರು ಒಪ್ಪುತ್ತೀರಿ ಎಂಬುದನ್ನೂ ಬರೆಸಿ. ನೆಕ್‌ನ ದಪ್ಪದಲ್ಲಿ ಅರ್ಧ ಮಿಲಿಮೀಟರ್ ಒಳಗೆ, ತೂಕಕ್ಕೆ ಒಂದು ಗರಿಷ್ಠ ಮಿತಿ, ಹೀಗೆ. ಅನುಮಾನವಿದ್ದರೆ ನೆಕ್ ಅನ್ನು ತುಸು ದಪ್ಪವಾಗಿಯೇ ಹೇಳಿ, ಆಮೇಲೆ ಕೆತ್ತಿ ತೆಳುವಾಗಿಸಬಹುದು. ಕೆಲಸ ನಡೆಯುವಾಗ, ವಿಶೇಷವಾಗಿ ಬಣ್ಣ ಹಚ್ಚುವ ಮುನ್ನ, ನೆಕ್ ಜೋಡಣೆಯ ಚಿತ್ರ ಕಳುಹಿಸಬೇಕೆಂದು ಕೇಳಿಕೊಳ್ಳಿ.

ಹೇಳಿದ ದಿನಕ್ಕೆ ಗಿಟಾರ್ ಬರದಿರುವುದು ಈ ವೃತ್ತಿಯಲ್ಲಿ ಸಾಮಾನ್ಯ. ತಡವಾಗುವುದನ್ನು ಮುಂಚೆಯೇ ತಿಳಿಸುವವರ ಮೇಲೆ ಸಿಟ್ಟಾಗಬೇಡಿ. ಪತ್ರಕ್ಕೆ ಉತ್ತರವೇ ಬರದಿದ್ದರೆ ಮಾತ್ರ ಎಚ್ಚರಗೊಳ್ಳಿ.

ಹಂತ 9: ಗಿಟಾರ್ ಬಂದ ಮೇಲೆ

ಪೆಟ್ಟಿಗೆಯನ್ನು ತಕ್ಷಣ ತೆರೆಯಬೇಡಿ. ಚಳಿಯಿಂದಲೋ ಬಿಸಿಲಿನಿಂದಲೋ ಬಂದ ಗಿಟಾರ್ ಕೋಣೆಯ ತಾಪಕ್ಕೆ ನಿಧಾನವಾಗಿ ಹೊಂದಿಕೊಳ್ಳಲಿ. ನೈಟ್ರೋ ಲ್ಯಾಕರ್ ಆಗಿದ್ದರೆ ಇಡೀ ದಿನ ಬಿಡುವುದು ಕ್ಷೇಮ. ತೆರೆದ ಮೇಲೆ ನುಡಿಸುವ ಮೊದಲು ಒಪ್ಪಂದದ ಹಾಳೆ ಹಿಡಿದು ಅಳೆಯಿರಿ. ಮೊದಲ ಫ್ರೆಟ್‌ಗೆ ಕೇಪೊ (ತಂತಿಗಳನ್ನೆಲ್ಲ ಅದುಮಿಡುವ ಹಿಡಿಕೆ) ಹಾಕಿ, ಆರನೆಯ ತಂತಿಯನ್ನು ಕೊನೆಯ ಫ್ರೆಟ್‌ನಲ್ಲಿ ಒತ್ತಿ, ಏಳನೆಯ ಅಥವಾ ಎಂಟನೆಯ ಫ್ರೆಟ್‌ನ ಮೇಲಿನ ಸಂದನ್ನು ಫೀಲರ್ ಗೇಜ್‌ನಿಂದ (ಸಂದು ಅಳೆಯುವ ತೆಳು ಲೋಹದ ಪಟ್ಟಿಗಳಿಂದ) ನೋಡಿ. 0.2ರಿಂದ 0.3 ಮಿಲಿಮೀಟರ್ ಆರೋಗ್ಯಕರ. ಆಮೇಲೆ ಪ್ರತಿ ತಂತಿಯನ್ನು ಪ್ರತಿ ಫ್ರೆಟ್‌ನಲ್ಲಿ ಆಂಪ್ಲಿಫೈಯರ್ ಇಲ್ಲದೆ ಮೀಟಿ, ಮೊದಲ ಎರಡು ತಂತಿಗಳನ್ನು ಹನ್ನೆರಡರಿಂದ ಮೇಲೆ ಪೂರ್ಣ ಸ್ವರದಷ್ಟು ಎಳೆಯಿರಿ. ಎಲ್ಲೂ ನಾದ ಸಾಯಬಾರದು.

ಕಂಡ ಕೊರತೆಯನ್ನು ಅಂದೇ ಚಿತ್ರದೊಂದಿಗೆ ಬರೆದು ತಿಳಿಸಿ. ಆದರೆ ತಂತಿಯ ಎತ್ತರದ ಬಗ್ಗೆ ಕೂಡಲೇ ತೀರ್ಪು ಕೊಡಬೇಡಿ. ಹೊಸ ಜಾಗದ ತೇವಾಂಶಕ್ಕೆ ನೆಕ್ ಹೊಂದಿಕೊಳ್ಳಲು ಒಂದೆರಡು ವಾರ ಬೇಕು. ಕೋಣೆಯ ಸಾಪೇಕ್ಷ ಆರ್ದ್ರತೆ ಶೇಕಡ 45ರಿಂದ 50ರ ಬಳಿ ಇದ್ದರೆ ಒಳ್ಳೆಯದು. ಅಷ್ಟರಲ್ಲಿ ನೆಕ್ ತುಸು ಬಾಗಿದರೆ ಟ್ರಸ್ ರಾಡ್ ಅನ್ನು ಒಂದು ಬಾರಿಗೆ ಪೂರ್ಣ ಸುತ್ತಿನ ಎಂಟನೆಯ ಒಂದು ಭಾಗದಷ್ಟು ತಿರುಗಿಸಿ, ಒಂದು ದಿನ ಬಿಟ್ಟು ಮತ್ತೆ ಅಳೆಯಿರಿ. ಮೊದಲ ಋತು ಬದಲಾದ ಮೇಲೆ ಫ್ರೆಟ್‌ನ ತುದಿಗಳ ಮೇಲೆ ಮತ್ತೊಮ್ಮೆ ಅಂಗೈ ಆಡಿಸಿ. ಫಿಂಗರ್‌ಬೋರ್ಡ್ ಕುಗ್ಗಿ ತುದಿಗಳು ಹೊರಬಂದಿದ್ದರೆ ತಯಾರಕರಿಗೆ ತಿಳಿಸಿ. ಉತ್ತಮ ಕಾರ್ಯಾಗಾರಗಳು ಈ ಮೊದಲ ತಿದ್ದುಪಡಿಯನ್ನು ತಮ್ಮ ಕೆಲಸದ ಭಾಗವೆಂದೇ ಪರಿಗಣಿಸುತ್ತವೆ.